ಮೇಲಿನ ಬೀದಿಗೆ ಒಂದಡಿ ನೀರು

ಮಾರ್ಚ್ ೪, ಮಂಗಳವಾರ

ಈ ಡೈರಿ ಕಚೇರಿಯವರು ಕೊಟ್ಟದ್ದು. ಪಂಪ್‌ಹೌಸಿನಲ್ಲಿ ಮೂವತ್ತೊಂದು ವರ್ಷ ದುಡಿದ ಮೇಲೆ ಮೊದಲ ಸಲ ಏನೋ ಕೊಟ್ಟಿದ್ದಾರೆ, ಅದೂ ಜನವರಿಯಲ್ಲಿ ಕೊಡಬೇಕಾದದ್ದನ್ನು ಮಾರ್ಚ್‌ನಲ್ಲಿ. ಮನೆಗೆ ತಂದು ಇವಳಿಗೆ, ಅಂದರೆ ನನ್ನ ಹೆಂಡತಿಗೆ, ತೋರಿಸಿದೆ. “ಒಳ್ಳೇದಾಯ್ತು ಬಿಡಿ. ಇನ್ಮೇಲೆ ಬೈಯೋದನ್ನೆಲ್ಲ ಇದರಲ್ಲಿ ಬರೀರಿ, ನನ್ನ ಕಿವಿಗೂ ಸ್ವಲ್ಪ ರಜ ಸಿಗಲಿ” ಅಂದಳು. ಹೊಲಿಗೆ ಯಂತ್ರದಿಂದ ತಲೆ ಕೂಡ ಎತ್ತಲಿಲ್ಲ.

ಸರಿ, ಬರೆಯುತ್ತೇನೆ. ಬೈಯುವುದಕ್ಕೆ ಇವತ್ತು ಬೇಕಾದಷ್ಟು ಸಿಕ್ಕಿದೆ. ಬೆಳಿಗ್ಗೆ ಹತ್ತಕ್ಕೆ ಇಂಜಿನಿಯರ್ ಸಾಹೇಬರು ಬಂದರು, ಕೈಯಲ್ಲಿ ಸುರುಳಿ ಕಾಗದ, ಹಿಂದೆ ಒಬ್ಬಳು ಹುಡುಗಿ. ಹುಡುಗಿ ಅಂದರೆ ಮೂವತ್ತು ದಾಟಿರಬಹುದು, ಪ್ಯಾಂಟಿನ ತುಂಬ ಬಣ್ಣದ ಕಲೆ. ಸಾಹೇಬರು ಕಾಗದ ಬಿಚ್ಚಿ ಮೂರು ಸುದ್ದಿ ಹೇಳಿದರು. ಒಂದು, ನೆಲದ ತೊಟ್ಟಿಯ ಚಾವಣಿ ಮೇಲೆ ಸೋಲಾರ್ ಹಲಗೆ ಹಾಕುತ್ತಾರಂತೆ. ಇನ್ನು ಮೇಲೆ ಮಧ್ಯಾಹ್ನ ಪಂಪ್ ಓಡಿಸುವುದು ಸೂರ್ಯ. ಎರಡು, ಗುಡ್ಡದ ಕೆರೆಯಿಂದ ನಮ್ಮ ತೊಟ್ಟಿಗೆ ನೀರು ಇಳಿದು ಬರುವ ಪೈಪಿನೊಳಗೆ ಒಂದು ಪುಟ್ಟ ಟರ್ಬೈನ್ ಕೂರಿಸುತ್ತಾರಂತೆ. ಬೀಳುವ ನೀರೇ ಅದನ್ನು ತಿರುಗಿಸಿ ಕರೆಂಟ್ ಕೊಡುತ್ತದಂತೆ. ಮೂರನೆಯದು ಈ ಹುಡುಗಿ. ಈಕೆ ಕಲಾವಿದೆ. ನನ್ನ ಟ್ಯಾಂಕಿಗೆ ಕಲೆ ಹಚ್ಚುತ್ತಾಳೆ.

“ಕಂಬದ ಮೇಲಿರೋ ಟ್ಯಾಂಕ್ ಹದಿನೈದು ಅಡಿ ಆಳ ಅಲ್ವಾ?” ಅಂದಳು. “ಹೊರಗಡೆ ಸುತ್ತಲೂ ಹದಿನೈದು ಗಾಜಿನ ಪಟ್ಟಿ ಹಾಕ್ತೀನಿ. ಒಂದೊಂದು ಅಡಿಗೆ ಒಂದೊಂದು. ಒಳಗೆ ನೀರು ಎಷ್ಟಿದೆಯೋ ಅಷ್ಟು ಪಟ್ಟಿ ಬೆಳಗುತ್ತೆ, ಟರ್ಬೈನ್ ಕರೆಂಟಲ್ಲೇ. ಊರಲ್ಲಿ ಯಾರು ಎಲ್ಲಿ ನಿಂತು ನೋಡಿದ್ರೂ ಗೊತ್ತಾಗುತ್ತೆ, ಇವತ್ತು ನಮ್ಮ ನೀರು ಇಷ್ಟು ಅಂತ.”

ನನ್ನ ಎದೆ ಧಸಕ್ಕೆಂದಿತು. “ಜನಕ್ಕೆ ಯಾಕಮ್ಮಾ ಅದೆಲ್ಲ? ನಲ್ಲಿ ತಿರುಗಿಸಿದ್ರೆ ಗೊತ್ತಾಗಲ್ವಾ?” ಅಂದೆ. ಸಾಹೇಬರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಮಾರ್ಚ್ ೫, ಬುಧವಾರ

ಎದೆ ಯಾಕೆ ಧಸಕ್ಕೆಂದಿತು ಅನ್ನುವುದನ್ನು ಇವಳ ಕಣ್ಣಿಗೆ ಬೀಳುವ ಜಾಗದಲ್ಲಿ ಬರೆಯುವುದು ಬೇಡ ಅಂತ ಡೈರಿಯನ್ನು ಪಂಪ್‌ಹೌಸಿಗೆ ತಂದು ಸಾಮಾನಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಬೀಗದ ಕೈ ನನ್ನ ಹತ್ತಿರ ಮಾತ್ರ ಇದೆ.

ವಿಷಯ ಇಷ್ಟೇ. ಟ್ಯಾಂಕಿನಲ್ಲಿ ಹನ್ನೆರಡು ಅಡಿ ತುಂಬಿದ ತಕ್ಷಣ ಪಂಪ್ ನಿಲ್ಲಿಸಬೇಕು, ವಿದ್ಯುತ್ ಉಳಿತಾಯ, ಅಂತ ಬಹಳ ಹಿಂದೆಯೇ ಒಂದು ಆದೇಶ ಬಂತು. ಹನ್ನೆರಡು ಅಡಿ ಇದ್ದರೆ ಬೆಳಿಗ್ಗೆ ಊರಿಗೆಲ್ಲ ನೀರು ಹೋಗುತ್ತದೆ, ಮೇಲಿನ ಬೀದಿ ಒಂದನ್ನು ಬಿಟ್ಟು. ಅದು ದಿಣ್ಣೆಯ ಮೇಲಿದೆ, ನಲವತ್ತೆರಡು ಮನೆ. ಅಲ್ಲಿಗೆ ನೀರು ಏರಲು ಟ್ಯಾಂಕಿನಲ್ಲಿ ಇನ್ನೊಂದಡಿ ಒತ್ತಡ ಬೇಕು. ಅರ್ಜಿ ಹಾಕಿದವರಿಗೆ ‘ಪರಿಶೀಲನೆಯಲ್ಲಿದೆ’ ಅಂತ ಉತ್ತರ ಬಂತು. ನನ್ನ ಅಕ್ಕನ ಮನೆ ಅದೇ ಬೀದಿಯ ತುತ್ತತುದಿ. ಆಗ ಭಾವ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಅಕ್ಕ ಶಾಲೆಯಲ್ಲಿ ಗಣಿತ ಹೇಳಿ ಮುಗಿಸಿ ಸಂಜೆ ಇಳಿಜಾರಿನಲ್ಲಿ ಎರಡು ಕೊಡ ಹೊತ್ತು ಹತ್ತುತ್ತಿದ್ದಳು. ನೋಡಲಾಗಲಿಲ್ಲ.

ಟ್ಯಾಂಕಿನ ಹೊರಮೈಗೆ ಅಡಿಗಳ ಅಂಕಿ ಬರೆದ ಒಂದು ಹಲಗೆ ಇದೆ, ಅದರ ಮೇಲೆ ಮುಳ್ಳು ಓಡಾಡುತ್ತದೆ. ಒಂದು ಭಾನುವಾರ ಏಣಿ ಹತ್ತಿ ಆ ಹಲಗೆಯ ಬೋಲ್ಟ್ ಬಿಚ್ಚಿ ಒಂದಡಿ ಸರಿಸಿ ಕೂರಿಸಿದೆ. ಅಂದಿನಿಂದ ಒಳಗೆ ಹದಿಮೂರು ಅಡಿ ಇದ್ದರೆ ಹಲಗೆ ಹನ್ನೆರಡು ಅನ್ನುತ್ತದೆ. ಪುಸ್ತಕದಲ್ಲಿ ಹನ್ನೆರಡು, ಕಚೇರಿಗೂ ಹನ್ನೆರಡು, ಮೇಲಿನ ಬೀದಿಗೆ ನೀರು. ಹನ್ನೆರಡು ವರ್ಷವಾಯಿತು, ಒಂದು ನರಪಿಳ್ಳೆಗೂ ಗೊತ್ತಿಲ್ಲ. ಅಕ್ಕನಿಗೂ ಹೇಳಿಲ್ಲ. ಹೇಳಿದರೆ ಅವಳು ಹಲಗೆಯನ್ನು ವಾಪಸ್ ಸರಿಸಿ ಬಾ ಅನ್ನುವ ಪೈಕಿ.

ಈಗ ಈ ಹುಡುಗಿ ದೀಪ ಹಾಕಿ ಊರಿಗೆಲ್ಲ ಡಂಗುರ ಸಾರುತ್ತಾಳಂತೆ. ನಾನು ಸಿಕ್ಕಿಬೀಳುತ್ತೇನೆ, ಅದಿರಲಿ. ಆ ನಲವತ್ತೆರಡು ಮನೆಯ ಗತಿ?

ಮಾರ್ಚ್ ೧೦, ಸೋಮವಾರ

ಬಣ್ಣದವಳು ಬಂದಿಳಿದಳು, ಜೊತೆಗೆ ಅಟ್ಟಣಿಗೆ ಕಟ್ಟುವವರು ನಾಲ್ಕು ಜನ. ನಾನು ನಿಯಮಗಳನ್ನು ಓದಿ ಹೇಳಿದೆ: ಚಪ್ಪಲಿ ಹೊರಗೆ, ತೊಟ್ಟಿಯ ಹತ್ತಿರ ಬಣ್ಣದ ಡಬ್ಬ ತರುವಂತಿಲ್ಲ, ವಾಲ್ವ್ ಮುಟ್ಟುವಂತಿಲ್ಲ, ಪಂಪ್ ಓಡುವಾಗ ಹಾಡುವಂತಿಲ್ಲ. ಕೊನೆಯದನ್ನು ಅಲ್ಲೇ ಸೇರಿಸಿದೆ, ಅವಳು ಬಂದಾಗಿನಿಂದ ಏನೋ ಗುನುಗುತ್ತಿದ್ದಳು, ಒಂದು ಸ್ವರವೂ ನೆಟ್ಟಗಿರಲಿಲ್ಲ.

“ಆಗ್ಲಿ ಅಂಕಲ್” ಅಂದಳು.

“ನಾನು ಅಂಕಲ್ ಅಲ್ಲ, ಆಪರೇಟರ್.”

“ಆಗ್ಲಿ ಆಪರೇಟರ್ ಸಾಹೇಬ್ರೇ.” ಮುಖದಲ್ಲಿ ನಗು ಇರಲಿಲ್ಲ, ಆದರೆ ಎಲ್ಲೋ ಇತ್ತು.

ಮಧ್ಯಾಹ್ನ ಹಳೆಯ ದಾಖಲೆ ಪುಸ್ತಕ ಬೇಕು ಅಂದಳು. ಕೊಡದಿದ್ದರೆ ಅನುಮಾನ ಬರುತ್ತದೆ ಅಂತ ಕೊಟ್ಟೆ. ಅಟ್ಟಣಿಗೆಯ ನೆರಳಲ್ಲಿ ಕೂತು ಹಾಳೆ ತಿರುವಿದಳು. “ದಿನಾ ಬೆಳಿಗ್ಗೆ ಹನ್ನೆರಡು ಅಡಿ. ಬೇಸಿಗೇಲಿ ಹನ್ನೆರಡು, ಮಳೇಲಿ ಹನ್ನೆರಡು. ನೀರಿಗೂ ಇಷ್ಟೊಂದು ಶಿಸ್ತು ಇರುತ್ತಾ?”

“ನನ್ನ ಕೈಕೆಳಗೆ ಇರುತ್ತೆ” ಅಂದೆ. ಪುಸ್ತಕ ವಾಪಸ್ ತೆಗೆದುಕೊಂಡು ಪೆಟ್ಟಿಗೆಗೆ ಹಾಕಿ ಬೀಗ ಜಡಿದೆ.

ಮಾರ್ಚ್ ೧೨, ಬುಧವಾರ

ಗಾಜಿನ ತುಂಡುಗಳು ಬಂದವು. ಎಲ್ಲ ನೀಲಿ, ಆಟದ ಸಾಮಾನಿನ ನೀಲಿ. ತಡೆಯಲಾಗದೆ ಬಾಯಿ ಹಾಕಿದೆ. “ನೀರು ನೀಲಿ ಅಂತ ನಿನಗೆ ಯಾರು ಹೇಳಿದ್ದು? ಮೂವತ್ತೊಂದು ವರ್ಷ ನೋಡಿದ್ದೀನಿ, ಒಂದು ದಿನಾನೂ ನೀಲಿ ಇರಲಿಲ್ಲ.”

“ಮತ್ತೆ ಯಾವ ಬಣ್ಣ?”

ದಿನವೂ ನೋಡಿದ್ದೇನೆ, ಆದರೆ ಯಾವ ಬಣ್ಣ ಅಂದರೆ ಏನು ಹೇಳುವುದು? “ನೋಡಿ ಹೇಳ್ತೀನಿ” ಅಂದೆ. ಎಂಥ ಮಾತು ಆಡಿಬಿಟ್ಟೆ.

ಮಾರ್ಚ್ ೧೪, ಶುಕ್ರವಾರ

ತೊಟ್ಟಿಯ ತಪಾಸಣೆ ಮಾಡಿದೆ. ತಪಾಸಣೆ ನನ್ನ ಕರ್ತವ್ಯ, ಬೇರೆ ಕಾರಣ ಇಲ್ಲ.

ಬೆಳಿಗ್ಗೆ ಐದೂವರೆ: ಬಣ್ಣವೇ ಇಲ್ಲ, ಕಪ್ಪು, ಮಿಸುಕಿದರೆ ಮಾತ್ರ ಇದೆ ಅಂತ ಗೊತ್ತಾಗುತ್ತದೆ. ಏಳು ಗಂಟೆ: ಬೂದು, ತೊಳೆದ ಸ್ಲೇಟಿನ ಬಣ್ಣ. ಹತ್ತು: ಗೋಡೆ ಹತ್ತಿರ ಹಸಿರು, ನಡುವೆ ತೆಳು ಹಳದಿ. ಹನ್ನೆರಡು: ತಳ ಕಾಣುತ್ತದೆ, ನೀರು ಕಾಣುವುದಿಲ್ಲ.

ಚೀಟಿಯಲ್ಲಿ ಬರೆದು ಅವಳಿಗೆ ಕೊಟ್ಟೆ. ಎರಡು ಸಲ ಓದಿ ಜೇಬಿನಲ್ಲಿಟ್ಟುಕೊಂಡಳು. ಸಂಜೆ ಗಾಜಿನವನಿಗೆ ಫೋನ್ ಮಾಡಿ ನೀಲಿಯನ್ನೆಲ್ಲ ವಾಪಸ್ ತಗೊಂಡು ಹೋಗಿ ಅಂದಳಂತೆ. ಗಾಜಿನವನು ನನ್ನ ಬಗ್ಗೆ ಏನೋ ಅಂದನಂತೆ, ಏನು ಅಂತ ಅವಳು ಹೇಳಲಿಲ್ಲ.

ಮಾರ್ಚ್ ೧೬, ಭಾನುವಾರ

ಇವಳ ಜೊತೆ ಅಕ್ಕನ ಮನೆಗೆ ಹೋಗಿದ್ದೆ. ಭಾವ ತೀರಿಕೊಂಡ ಮೇಲೆ ಅಕ್ಕನ ಧ್ವನಿ ಇನ್ನೂ ಜೋರಾಗಿದೆ. ನಿವೃತ್ತಿಯಾಗಿ ಆರು ವರ್ಷವಾದರೂ ಎದುರಿಗೆ ಕೂತವರೆಲ್ಲ ಅವಳಿಗೆ ನಾಲ್ಕನೇ ತರಗತಿಯವರೇ. ಪಕ್ಕದ ಮನೆಯವಳು ಬಂದು “ನಿಮ್ಮ ತಮ್ಮ ನೀರಿನ ಆಫೀಸಲ್ಲಿ ಇರೋದಲ್ವಾ?” ಅಂತ ಕೇಳಿದಳು. ಅಕ್ಕ ನನ್ನೆದುರೇ ಹೇಳಿದಳು:

“ಇದ್ದಾನೆ, ಇದ್ದು ಏನು ಬಂತು? ಊರಿನ ನೀರೆಲ್ಲ ಇವನ ಕೈಲಿದೆ, ಅಕ್ಕನಿಗೆ ಅಂತ ಒಂದು ಲೋಟ ಹೆಚ್ಚು ಬಿಟ್ಟವನಲ್ಲ. ಹೋಗಲಿ, ಪ್ರಾಮಾಣಿಕ ಅಂತ ಹೇಳ್ಕೊಳ್ಳೋಕೆ ಆಗುತ್ತೆ.”

ಇವಳು ಸೆರಗಿನೊಳಗೆ ನಕ್ಕಳು. ನಾನೂ ನಕ್ಕೆ. ಹನ್ನೆರಡು ವರ್ಷದಿಂದ ಈ ಬೈಗುಳ ತಿನ್ನುತ್ತಿದ್ದೇನೆ. ನಿಜ ಹೇಳಬೇಕೆಂದರೆ ಅದರಲ್ಲಿ ಒಂದು ಸುಖವೂ ಇದೆ: ಬೈಸಿಕೊಳ್ಳುತ್ತ ಒಳಗೊಳಗೇ ದೊಡ್ಡವನಾಗುವ ಸುಖ.

ಮಾರ್ಚ್ ೧೯, ಬುಧವಾರ

ಸೋಲಾರ್ ಹಲಗೆ ಏರಿತು. ಮಧ್ಯಾಹ್ನ ನನ್ನಿಂದ ಪಾಳಿ ತೆಗೆದುಕೊಳ್ಳುವ ಆಸಾಮಿ, ನಾವೆಲ್ಲ ಆಕಳಿಕೆ ಅಂತ ಕರೆಯುವವನು, ಇವತ್ತು ಎರಡು ಗಂಟೆ ಕಣ್ಣು ಬಿಟ್ಟುಕೊಂಡಿದ್ದ. ಅವನ ಸರ್ವಿಸಿನಲ್ಲೇ ಇದು ದಾಖಲೆ. ಮೋಡ ಬಂದರೆ ಪಂಪ್ ನಿಧಾನ, ಮೋಡ ಸರಿದರೆ ಜೋರು. ಸೂರ್ಯ ಕೆಲಸಕ್ಕೆ ಬಂದಿದ್ದಾನೆ, ಹಾಜರಿ ಪುಸ್ತಕಕ್ಕೆ ಸಹಿ ಮಾತ್ರ ಇಲ್ಲ. ಬಣ್ಣದಮ್ಮ ಹೇಳಿದಳು, “ನಿಮಗಿಂತ ಶಿಸ್ತಿನವನು ಆಪರೇಟರ್ ಸಾಹೇಬ್ರೇ, ಭಾನುವಾರ ಕೂಡ ರಜ ಹಾಕಲ್ಲ.”

ಮಾರ್ಚ್ ೨೪, ಸೋಮವಾರ

ಆಗಬಾರದ್ದು ಆಯಿತು. ಟ್ಯಾಂಕಿನೊಳಗೆ ಮಟ್ಟ ಅಳೆಯುವ ಸೆನ್ಸರ್ ಇಳಿಸುವ ಮೊದಲು ಬಣ್ಣದಮ್ಮ ಮೇಲಿನ ಕಿಂಡಿಯಿಂದ ಅಳತೆ ಪಟ್ಟಿ ಬಿಟ್ಟಳು. ನಾನು ಕೆಳಗಿದ್ದೆ, ಹಲಗೆಯಲ್ಲಿ ಹನ್ನೆರಡು. ಮೇಲಿಂದ ಕೂಗಿದಳು, “ಹದಿನಾಲ್ಕು!”

“ಹದಿಮೂರಿರಬೇಕು, ಸರಿಯಾಗಿ ನೋಡು” ಅಂತ ಕೂಗಿಬಿಟ್ಟೆ. ಕೂಗಿದ ಮೇಲೆ ನಾಲಗೆ ಕಚ್ಚಿಕೊಂಡೆ. ಅವಳು ತಲೆ ಹೊರಗೆ ಹಾಕಿ ನನ್ನನ್ನೇ ನೋಡಿದಳು. ಮತ್ತೆ ಅಳೆದಳು. ಹದಿನಾಲ್ಕೇ.

ನಾನು ಸರಿಸಿದ್ದು ಒಂದೇ ಅಡಿ. ದೇವರಾಣೆಗೂ ಒಂದೇ. ಹಾಗಾದರೆ ಇನ್ನೊಂದಡಿ ಸರಿಸಿದವನು ಯಾರು? ನನ್ನ ಟ್ಯಾಂಕಿಗೆ, ನನ್ನ ಹಲಗೆಗೆ, ನನಗೆ ಗೊತ್ತಿಲ್ಲದ ಹಾಗೆ ಕೈ ಹಾಕಿದ ಕಳ್ಳ ಯಾರು? ರಕ್ತ ಕುದಿಯಿತು. ಸರ್ಕಾರಿ ಮಾಪಕವನ್ನು ತಿದ್ದುವುದೆಂದರೆ ಸಣ್ಣ ಅಪರಾಧವೇ?

ಮಾರ್ಚ್ ೨೫, ಮಂಗಳವಾರ

ಆಕಳಿಕೆ! ಹಲಗೆ ಅಂದ ತಕ್ಷಣ ಅವನ ಆಕಳಿಕೆ ಅರ್ಧಕ್ಕೇ ನಿಂತಿತು.

“ಒಂಬತ್ತು ವರ್ಷ ಆಯ್ತಣ್ಣಾ. ನಮ್ಮತ್ತೆ ಮನೆ ಮೇಲಿನ ಬೀದೀಲಿ. ಆಗ ಅಲ್ಲಿಗೆ ನೀರು ಒಂದಿನ ಬಂದ್ರೆ ಎರಡು ದಿನ ಇಲ್ಲ. ಬರದ ದಿನ ಅತ್ತೆ ಬಟ್ಟೆ ಗಂಟು ಕಟ್ಕೊಂಡು ನಮ್ಮನೆಗೆ. ಒಗೀತಾರೆ, ಒಣಗಿಸ್ತಾರೆ, ಒಣಗೋವರೆಗೂ ನನಗೆ ಬುದ್ಧಿ ಹೇಳ್ತಾರೆ. ಮಳೆಗಾಲದಲ್ಲಿ ಬಟ್ಟೆ ನಾಲ್ಕು ದಿನ ಒಣಗಲ್ಲ ಅಣ್ಣಾ!”

“ಅದಕ್ಕೆ ಅಳತೆ ಹಲಗೆ ಸರಿಸೋದಾ? ನಾಚಿಕೆ ಆಗಲ್ವಾ?” ಅಂತ ಗದರಿಸಿದೆ.

“ಒಂದೇ ಅಡಿ ಅಣ್ಣಾ. ಅಷ್ಟಕ್ಕೂ ಸರಿಸೋಕೆ ಹೋದಾಗ ಪಕ್ಕದಲ್ಲೇ ಹಳೇ ಬೋಲ್ಟಿನ ತೂತು ಇತ್ತು. ಯಾರೋ ದೊಡ್ಡವರು ದಾರಿ ತೋರಿಸಿದ್ದಾರೆ ಅಂದ್ಕೊಂಡೆ.”

ನಾನು ಮಾತು ಬದಲಿಸಿದೆ. ಆದರೆ ಒಂದು ವಿಷಯ ಚುಚ್ಚುತ್ತಿದೆ. ಒಂಬತ್ತು ವರ್ಷದ ಹಿಂದೆ ಮೇಲಿನ ಬೀದಿಗೆ ನೀರು ದಿನವೂ ಬರಲು ಶುರುವಾಯಿತು ಅಂತ ಅಕ್ಕ ಹೇಳಿದ್ದಳು. ಅದೇ ತಿಂಗಳು ನಾನು ಪಂಪ್ ಬಿಚ್ಚಿ ರಿಪೇರಿ ಮಾಡಿದ್ದೆ. ಇಷ್ಟು ವರ್ಷ ಅದು ನನ್ನ ಕೈಗುಣ ಅಂತ ನಂಬಿಕೊಂಡಿದ್ದೆ. ಇವಳಿಗೆ ಎಷ್ಟು ಸಲ ಹೇಳಿಕೊಂಡಿದ್ದೇನೋ!

ಮಾರ್ಚ್ ೨೮, ಶುಕ್ರವಾರ

ಬಣ್ಣದಮ್ಮ ಟ್ಯಾಂಕಿನ ಮೈ ಕೆರೆದು ಹಳೆಯ ಸುಣ್ಣ ತೆಗೆಸಿದಳು. ಬೋಲ್ಟಿನ ಖಾಲಿ ತೂತುಗಳು ಎದ್ದು ಕಂಡವು, ಎರಡು ಜೊತೆ. ನನ್ನನ್ನು ಕರೆದು ತೋರಿಸಿದಳು. ಸಾಹೇಬರನ್ನು ಕರೆಯಲಿಲ್ಲ.

ಹೇಳಿಬಿಟ್ಟೆ. ಯಾಕೆ ಹೇಳಿದೆ ಅಂತ ಗೊತ್ತಿಲ್ಲ, ಹೆಂಡತಿಗೂ ಹೇಳದ್ದನ್ನು. ಅಕ್ಕನ ಕೊಡ, ಭಾವನ ಸೊಂಟ, ಆಕಳಿಕೆಯ ಅತ್ತೆ, ಎಲ್ಲ. ದೀಪ ನಿಜ ಹೇಳಿದರೆ ಕಚೇರಿಯವರು ಹನ್ನೆರಡಕ್ಕೇ ನಿಲ್ಲಿಸುತ್ತಾರೆ, ಮೇಲಿನ ಬೀದಿ ಒಣಗುತ್ತದೆ ಅಂದೆ. ಅವಳು ಗುನುಗುವುದನ್ನು ನಿಲ್ಲಿಸಿ ಕೇಳಿದಳು. ಅತ್ತೆಯ ಬಟ್ಟೆ ಗಂಟಿಗೆ ಮಾತ್ರ ನಕ್ಕಳು.

“ದೀಪಕ್ಕೂ ಸುಳ್ಳು ಹೇಳಿಸಬಹುದು” ಅಂದಳು ಆಮೇಲೆ. “ಹದಿನಾಲ್ಕಿದ್ರೆ ಹನ್ನೆರಡೇ ಬೆಳಗೋ ಹಾಗೆ ಎರಡು ನಿಮಿಷದಲ್ಲಿ ಮಾಡ್ತೀನಿ. ಯಾರಿಗೂ ಗೊತ್ತಾಗಲ್ಲ. ನೀವು ಹೇಳಿ, ಮಾಡ್ತೀನಿ.”

ಬದುಕಿಕೊಂಡೆ ಅನ್ನಿಸಿತು. ಆ ಹುಡುಗಿಯ ಕೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳಬೇಕು ಅನ್ನಿಸಿತು. ಮಾಡಲಿಲ್ಲ, ಕೈ ತುಂಬ ಬಣ್ಣ ಇತ್ತು. “ಮಾಡಮ್ಮಾ” ಅಂದೆ. ಅವಳು “ಸರಿ” ಅಂದಳು. ಆಮೇಲೆ ಸಂಜೆಯವರೆಗೂ ಗುನುಗಲಿಲ್ಲ.

ಏಪ್ರಿಲ್ ೧, ಮಂಗಳವಾರ

ಅವಳು ಇನ್ನೂ ಗುನುಗುತ್ತಿಲ್ಲ. ಪಂಪ್‌ಹೌಸ್ ಬಿಕೋ ಅನ್ನುತ್ತಿದೆ. ಗಾಜು ಮಾತ್ರ ನಾನು ಹೇಳಿದ ಬಣ್ಣಗಳಲ್ಲೇ ಬಂದಿದೆ: ಕೆಳಗೆ ಕಪ್ಪು, ಆಮೇಲೆ ಸ್ಲೇಟಿನ ಬೂದು, ಹಸಿರು, ಮೇಲೆ ಹೋದಂತೆ ತೆಳು ಹಳದಿ. ಚೆನ್ನಾಗಿದೆ ಅಂತ ಬರೆಯುವುದಿಲ್ಲ. ತಪ್ಪಿಲ್ಲ, ಅಷ್ಟೇ.

ಏಪ್ರಿಲ್ ೩, ಗುರುವಾರ

ನಿಜಾನೇ ತೋರಿಸು ಅಂದೆ ಅವಳಿಗೆ. ಸುಳ್ಳಿಗೆ ಬೇರೆ ಜೋಡಣೆ ಬೇಕು, ನಾಳೆ ಅದು ಕೆಟ್ಟರೆ ರಿಪೇರಿ ಯಾರು ಮಾಡುತ್ತಾರೆ, ಅಂತ ಕಾರಣ ಕೊಟ್ಟೆ. ತಾಂತ್ರಿಕ ಕಾರಣವೇ, ಬೇರೇನೂ ಇಲ್ಲ.

“ನಿಮ್ಮ ಕೆಲಸ?” ಅಂದಳು.

“ನಿನ್ನ ಕೆಲಸ?” ಅಂದೆ. “ಹದಿನೈದು ಗಾಜು ಕೂರಿಸಿ ಎರಡನ್ನ ಕುರುಡು ಮಾಡ್ತೀಯಾ?”

ಸಾಹೇಬರಿಗೆ ಮೊದಲೇ ಹೇಳೋಣ ಅಂತ ಕಚೇರಿಗೆ ಹೋದೆ. ಉದ್ಘಾಟನೆಯ ಗಡಿಬಿಡಿ, ರಿಬ್ಬನ್ ಯಾವ ಬಣ್ಣ ಅಂತ ಚರ್ಚೆ ನಡೆದಿತ್ತು. “ಅರ್ಜೆಂಟಾ?” ಅಂದರು. “ಹನ್ನೆರಡು ವರ್ಷದ್ದು” ಅಂದೆ. “ಹಾಗಾದ್ರೆ ಇನ್ನು ನಾಲ್ಕು ದಿನ ತಡೀರಿ” ಅಂದರು.

ಏಪ್ರಿಲ್ ೭, ಸೋಮವಾರ

ಸಂಜೆ ಆರೂವರೆಗೆ ಉದ್ಘಾಟನೆ. ಕಮಿಷನರ್ ಗುಂಡಿ ಒತ್ತಿದರು. ಪೈಪಿನೊಳಗೆ ಟರ್ಬೈನ್ ಗುಯ್ ಅಂದಿತು. ಕೆಳಗಿನಿಂದ ಒಂದೊಂದೇ ಪಟ್ಟಿ ಹತ್ತಿಕೊಂಡಿತು. ಜನ ಎಣಿಸತೊಡಗಿದರು, ಮಕ್ಕಳು ಕೂಗಿ ಕೂಗಿ ಎಣಿಸಿದರು. ಹನ್ನೆರಡಕ್ಕೆ ನಾನು ಕಣ್ಣು ಮುಚ್ಚಿಕೊಂಡೆ. ಹದಿಮೂರು ಅಂದರು. ಹದಿನಾಲ್ಕು ಅಂದರು. ಚಪ್ಪಾಳೆ.

ಚಪ್ಪಾಳೆ ತಟ್ಟದವರು ಮೂವರೇ: ನಾನು, ಆಕಳಿಕೆ, ಇಂಜಿನಿಯರ್ ಸಾಹೇಬರು. ಸಾಹೇಬರು ಹಲಗೆ ನೋಡಿದರು, ದೀಪ ನೋಡಿದರು, ನನ್ನನ್ನು ನೋಡಿದರು. “ನಾನು ನಾಲ್ಕು ದಿನ ತಡೀರಿ ಅಂದಿದ್ದು ಇದಕ್ಕೇನಾ?” ಅಂದರು. ನಾನು ತಲೆ ಆಡಿಸಿದೆ. ಸರಿಸಿದ್ದು ನಾನೇ ಅಂದೆ. ಆಕಳಿಕೆ ಬಾಯಿ ತೆರೆದ, ಈ ಸಲ ಆಕಳಿಸಲು ಅಲ್ಲ. ಅವನ ಕಾಲು ತುಳಿದೆ. ಇನ್ನೂ ಇಬ್ಬರು ಮಕ್ಕಳ ಓದು ಬಾಕಿ ಇದೆ ಅವನಿಗೆ.

ನಿಜ ಬರೆಯುತ್ತೇನೆ: ಭಯದಲ್ಲೂ ಕಣ್ಣು ಆ ಬೆಳಕಿನಿಂದ ಕೀಳಲಾಗಲಿಲ್ಲ. ನಮ್ಮ ಟ್ಯಾಂಕ್ ಅಷ್ಟು ಚೆನ್ನಾಗಿ ಕಾಣುತ್ತಿತ್ತು.

ಏಪ್ರಿಲ್ ೮, ಮಂಗಳವಾರ

ಮೆಮೊ ಬಂತು. ಮೂರು ದಿನದಲ್ಲಿ ಲಿಖಿತ ವಿವರಣೆ ಕೊಡಬೇಕು. ಹಲಗೆಯನ್ನು ಮೊದಲಿನ ಜಾಗಕ್ಕೆ ಕೂರಿಸಿದರು. ನಿಯಮದ ಪ್ರಕಾರ ಹನ್ನೆರಡಕ್ಕೆ ಪಂಪ್ ಬಂದ್.

ಇವಳಿಗೆ ಎಲ್ಲ ಹೇಳಿದೆ. ಯಂತ್ರ ನಿಲ್ಲಿಸಿ ಕೇಳಿದಳು. “ಅಂತೂ ಪಂಪ್ ರಿಪೇರಿ ಕೈಗುಣ ಅಲ್ಲ ಅಂತಾಯ್ತು” ಅಂದಳು. ಅಷ್ಟರಲ್ಲೂ ಅವಳಿಗೆ ಅದೇ ಬೇಕಿತ್ತು! ಆಮೇಲೆ ಪಕ್ಕದಲ್ಲಿ ಬಂದು ಕೂತಳು, ಬಹಳ ಹೊತ್ತು ಕೂತಿದ್ದಳು.

ಏಪ್ರಿಲ್ ೯, ಬುಧವಾರ

ಹನ್ನೆರಡು ದೀಪ. ಮೇಲಿನ ಬೀದಿಗೆ ನೀರಿಲ್ಲ.

ಏಪ್ರಿಲ್ ೧೦, ಗುರುವಾರ

ಹನ್ನೆರಡು. ನೀರಿಲ್ಲ. ವಿವರಣೆ ಬರೆಯಲು ಕೂತೆ, ಆಗಲಿಲ್ಲ.

ಏಪ್ರಿಲ್ ೧೧, ಶುಕ್ರವಾರ

ಬೆಳಿಗ್ಗೆ ಎಂಟಕ್ಕೆ ಪಂಪ್‌ಹೌಸಿನ ಗೇಟಿನ ಮುಂದೆ ಜನ. ಎಲ್ಲರ ಕೈಯಲ್ಲೂ ಖಾಲಿ ಕೊಡ, ಖಾಲಿ ಬಕೆಟ್. ಮುಂದೆ ನನ್ನ ಅಕ್ಕ. ಇಳಿಜಾರಿನ ಕೆಳಗೆ ಅವಳನ್ನು ನೋಡಿ ವರ್ಷಗಳಾಗಿದ್ದವು. ಯಾರೋ ಫೋನ್ ಮಾಡಿದರು, ಇಂಜಿನಿಯರ್ ಸಾಹೇಬರು ಬಂದರು.

“ಸೋಮವಾರ ಸಂಜೆ ಹದಿನಾಲ್ಕು ದೀಪ ಇತ್ತು, ಮಾರನೇ ಬೆಳಿಗ್ಗೆ ನಮಗೆ ನೀರು ಬಂತು” ಅಂದಳು ಅಕ್ಕ, ಕರಿಹಲಗೆ ಮುಂದೆ ನಿಂತ ಧ್ವನಿಯಲ್ಲಿ. “ಆಮೇಲೆ ಹನ್ನೆರಡು, ನೀರಿಲ್ಲ. ನಮ್ಮ ಬಾಗಿಲಿಂದ ಕಾಣುತ್ತೆ, ಎಣಿಸೋಕೆ ನಮಗೂ ಬರುತ್ತೆ. ಆ ಎರಡು ದೀಪ ಯಾಕೆ ಆರಿಸಿದ್ರಿ?”

“ನಿಯಮ ಮೇಡಂ. ನಾನು ಮಾಡಿದ್ದಲ್ಲ. ವಿದ್ಯುತ್ ಉಳಿತಾಯ.”

“ಈಗ ಪಂಪ್ ಓಡಿಸೋದು ಯಾರು?”

“ಸೋಲಾರ್…”

“ಅಂದ್ರೆ ಸೂರ್ಯ. ಉಳಿತಾಯ ಮಾಡಿ ಅಂತ ಅವನೇನಾದ್ರೂ ನಿಮಗೆ ಕಾಗದ ಬರೆದಿದ್ದಾನಾ?”

ಜನ ಹೋ ಅಂತ ನಕ್ಕರು. ಸಾಹೇಬರ ಮುಖವೂ ಸಡಿಲವಾಯಿತು. ಕಮಿಷನರಿಗೆ ಅಲ್ಲಿಂದಲೇ ಫೋನ್ ಮಾಡಿದರು. ದೂರ ಹೋಗಿ ಮಾತಾಡಿ ಬಂದು, ಹಳೆಯ ಆದೇಶ ರದ್ದು, ಹದಿನಾಲ್ಕರವರೆಗೆ ತುಂಬಿಸಬಹುದು, ಲಿಖಿತ ಆದೇಶ ಸಂಜೆ ಬರುತ್ತೆ ಅಂದರು. ಗೇಟಿನಲ್ಲಿ ಹತ್ತು ನಿಮಿಷ! ಹನ್ನೆರಡು ವರ್ಷ ನಾನು ಏಣಿ ನೋಡಿದಾಗಲೆಲ್ಲ ಬೆವರಿದ್ದು ಈ ಹತ್ತು ನಿಮಿಷದ ಕೆಲಸಕ್ಕೆ.

ನಾನು ಅಕ್ಕನ ಹತ್ತಿರ ಹೋದೆ. ಈಗ ಒಂದು ಒಳ್ಳೆಯ ಮಾತು ಬರುತ್ತದೆ ಅಂದುಕೊಂಡಿದ್ದೆ. ವಿಷಯವೆಲ್ಲ ಅವಳಿಗೆ ತಲುಪಿತ್ತು.

“ಹನ್ನೆರಡು ವರ್ಷ ನಮಗೆ ಕದ್ದು ನೀರು ಕೊಟ್ಟೆಯಾ?” ಅಂದಳು, ಎಲ್ಲರೆದುರು. “ನಾವೇನು ಕಳ್ಳರಾ? ನಾವು ಅರ್ಜಿ ಹಾಕಿದ್ವಿ, ನಿನ್ನ ನೀರು ಬಂತು, ಸರಿಹೋಯ್ತು ಅಂತ ಅರ್ಜಿ ಬಿಟ್ವಿ. ಇನ್ನೊಂದೆರಡು ಅಡಿ ಸಾಕು ಅನ್ನೋದು ನಿನಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಅವತ್ತೇ ಬಂದು ಹೀಗೇ ನಿಲ್ತಿದ್ವಿ. ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?”

ಬಹಳ ನೋವಾಯಿತು. ಬಣ್ಣದಮ್ಮ ದೂರದಲ್ಲಿ ನಿಂತಿದ್ದಳು, ಅವಳೆದುರು ಬೈಸಿಕೊಂಡದ್ದಕ್ಕೆ ಇನ್ನೂ ಹೆಚ್ಚು ನೋವಾಯಿತು. ಈ ಬೈಗುಳದಲ್ಲಿ ಸುಖ ಇರಲಿಲ್ಲ.

ಮನೆಗೆ ಬಂದು ವಿವರಣೆ ಬರೆದೆ. ‘ಮೇಲಿನ ಬೀದಿಗೆ ನೀರು ಏರಲಿ ಎಂದು ಹಲಗೆ ಸರಿಸಿದೆ. ಬಾಯಿ ಬಿಟ್ಟು ಕೇಳಬೇಕಿತ್ತು. ಕೇಳಲಿಲ್ಲ.’ ಮೂರೇ ಸಾಲು.

ಏಪ್ರಿಲ್ ೧೭, ಗುರುವಾರ

ಸರ್ವಿಸ್ ಪುಸ್ತಕದಲ್ಲಿ ಎಚ್ಚರಿಕೆ ಬರೆದು ಬಿಟ್ಟರು. ಮುಂದೆ ಇಂಥದ್ದು ಏನೇ ನಡೆದರೂ ಕಠಿಣ ಕ್ರಮ ಅಂತ ಕೆಂಪು ಅಕ್ಷರದಲ್ಲಿದೆ. ಬಣ್ಣದಮ್ಮ ಸಾಮಾನು ಕಟ್ಟಿ ಹೊರಟಳು, ಬೇರೆ ಊರಿನಲ್ಲಿ ಒಂದು ಶುದ್ಧೀಕರಣ ಘಟಕದ ಗೋಡೆ ಇದೆಯಂತೆ. ಅಲ್ಲಿಯ ಆಪರೇಟರ್ ನಿಮ್ಮಷ್ಟು ಕಾಟ ಕೊಡದಿದ್ದರೆ ಸಾಕು ಅಂದಳು. “ಕೊಡಲಿ, ಕೊಡದಿದ್ರೆ ನೀನು ನೀಲಿ ಹಚ್ಚಿಬಿಡ್ತೀಯ” ಅಂದೆ. ಗುನುಗುತ್ತ ಹೋದಳು, ಒಂದು ಸ್ವರವೂ ನೆಟ್ಟಗಿರಲಿಲ್ಲ.

ಏಪ್ರಿಲ್ ೨೧, ಸೋಮವಾರ

ಇವತ್ತು ರಜ ಹಾಕಿದೆ. ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ನಾನು ಯಾವಾಗಲೂ ಪಂಪ್‌ಹೌಸಿನಲ್ಲೇ ಇರುತ್ತೇನಲ್ಲ, ಹಾಗಾಗಿ ಅಕ್ಕನ ನಲ್ಲಿಯಲ್ಲಿ ನೀರು ಬರುವುದನ್ನು ನನ್ನ ಕಣ್ಣಿನಿಂದ ಒಂದು ದಿನವೂ ನೋಡಿರಲಿಲ್ಲ. ಐದೂವರೆಗೇ ಹೋಗಿ ಜಗಲಿಯ ಮೇಲೆ ಕೂತೆ. ದೂರದಲ್ಲಿ ಹದಿನಾಲ್ಕು ದೀಪ ಉರಿಯುತ್ತಿತ್ತು. ಅಕ್ಕ ಚಹಾ ತಂದು ಪಕ್ಕದಲ್ಲಿಟ್ಟಳು. ಬೀದಿಯ ಉದ್ದಕ್ಕೂ ಎಲ್ಲ ಬಾಗಿಲು ತೆರೆದಿತ್ತು, ಎಲ್ಲ ನಲ್ಲಿಯ ಕೆಳಗೂ ಕೊಡ ಕಾಯುತ್ತಿತ್ತು.

ಆರೂಕಾಲಿಗೆ ನಲ್ಲಿ ಬುಸ್ ಅಂದಿತು. ಆಮೇಲೆ ನೀರು ಬಂತು. ಕಿರುಬೆರಳಿಗಿಂತ ಸಣ್ಣ ಧಾರೆ. ಕೊಡ ತುಂಬುವುದನ್ನು ನೋಡುತ್ತಿದ್ದಂತೆ ಚಹಾ ಆರಿಹೋಯಿತು. ಒಂದು ಕೊಡಕ್ಕೆ ಆರು ನಿಮಿಷ. ಇಪ್ಪತ್ತು ನಿಮಿಷಕ್ಕೆ ನಿಂತುಹೋಯಿತು.

“ಇಷ್ಟೇನಾ ಅಕ್ಕಾ?” ಅಂದೆ.

“ಇವತ್ತು ಚೆನ್ನಾಗಿ ಬಂತು” ಅಂದಳು.

ಚೆನ್ನಾಗಿ ಬಂತಂತೆ! ಮೂರು ಕೊಡ. ಇದಕ್ಕಾಗಿ ಹನ್ನೆರಡು ವರ್ಷ ನಾನು ಒಳಗೊಳಗೇ ಎದೆ ಉಬ್ಬಿಸಿಕೊಂಡು ಓಡಾಡಿದ್ದೆ. ನನ್ನ ಕಣ್ಣಲ್ಲಿ ನೀರು ಬಂತು, ಅದು ನಲ್ಲಿಯ ಧಾರೆಗಿಂತ ದಪ್ಪ ಇತ್ತು. ಅಕ್ಕ ನೋಡಿದಳು, ನೋಡದ ಹಾಗೆ ಕೊಡ ಒಳಗಿಟ್ಟಳು.

ಎದ್ದು ಬೀದಿಯ ಪೈಪ್ ನೋಡಿದೆ. ಎರಡು ಬೆರಳಿನ ಹಳೆಯ ಪೈಪ್, ಒಳಗೆಲ್ಲ ತುಕ್ಕು ಕಟ್ಟಿರಬೇಕು. ಟ್ಯಾಂಕಿನಲ್ಲಿ ಹದಿನೈದು ತುಂಬಿಸಿದರೂ ಇಷ್ಟೇ. ದಪ್ಪ ಪೈಪ್ ಬೇಕು, ದಿಣ್ಣೆಯ ಬುಡದಲ್ಲಿ ಒಂದು ಸಣ್ಣ ಪಂಪ್ ಬೇಕು, ಅದಕ್ಕೆ ನಾಲ್ಕು ಸೋಲಾರ್ ಹಲಗೆ ಸಾಕು. ಇದೆಲ್ಲ ಇವರಿಗೆ ಗೊತ್ತಿಲ್ಲ. ನನಗೆ ಗೊತ್ತಿದೆ.

“ಅಕ್ಕಾ, ಒಂದು ಹಾಳೆ ಕೊಡು” ಅಂದೆ.

ಜಗಲಿಯ ಮೇಲೆ ಕೂತು ಅರ್ಜಿ ಬರೆದೆ: ಪೈಪಿನ ಅಳತೆ, ದಿಣ್ಣೆಯ ಎತ್ತರ, ಕೊಡಕ್ಕೆ ಆರು ನಿಮಿಷ, ಎಲ್ಲ. ಅಕ್ಕ ಲೆಕ್ಕ ಸರಿನೋಡಿ ಒಂದು ಕಡೆ ತಿದ್ದಿದಳು. ಬೀದಿಯವರು ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಕೊನೆಗೆ ಸಹಿ. ಕಚೇರಿಯ ನೌಕರ ಕಚೇರಿಯ ವಿರುದ್ಧದ ಅರ್ಜಿಗೆ ಸಹಿ ಹಾಕುವ ಹಾಗಿಲ್ಲ, ಕೆಂಪು ಅಕ್ಷರದ ಶಾಯಿ ಇನ್ನೂ ಹಸಿ ಇದೆ. ಬರೆದು ಕೊಟ್ಟಿದ್ದೀನಲ್ಲ, ಸಹಿ ನೀವೆಲ್ಲ ಹಾಕಿ ಅಂತ ಪೆನ್ನನ್ನು ಅಕ್ಕನ ಕಡೆ ಚಾಚಿದೆ. ಅಕ್ಕ ತೆಗೆದುಕೊಳ್ಳಲಿಲ್ಲ. ನನ್ನನ್ನೇ ನೋಡುತ್ತ ನಿಂತಳು.

ಪೆನ್ನನ್ನು ಹಿಂದಕ್ಕೆ ತೆಗೆದುಕೊಂಡು ಎಲ್ಲರಿಗಿಂತ ಮೇಲೆ ನನ್ನ ಹೆಸರು ಬರೆದೆ, ಕೆಳಗೆ ಹುದ್ದೆಯನ್ನೂ ಬರೆದೆ. ಯಾರು ಬೇಕಾದರೂ ಓದಬಹುದು, ಅಷ್ಟು ದೊಡ್ಡದಾಗಿದೆ.